26 ಪೌಂಡಿನ ಅನುಮಾನ

ಬೆಳಿಗ್ಗೆ ಆರೂವರೆ. ಬಸವೇಶ್ವರನಗರದ ಈ ಶಟಲ್ ಕ್ಲಬ್ಬಿನಲ್ಲಿ ತಗಡಿನ ಚಾವಣಿಯ ಕೆಳಗೆ ನಾಲ್ಕೂ ಕೋರ್ಟು ತುಂಬಿವೆ. ಶೂಗಳ ಕಿರ್ರ್ ಸದ್ದು, ಸ್ಮ್ಯಾಷ್ ಬಿದ್ದಾಗಲೆಲ್ಲ ಪಟಾರ್. ನಾನು ಮಾತ್ರ ಮೂಲೆಯಲ್ಲಿ, ನೀರಿನ ಕ್ಯಾನಿನ ಪಕ್ಕ, ಬ್ಯಾಟಿಗೆ ಎಳೆ ಬಿಗಿಯುವ ಗಟ್ಟಿಂಗ್ ಮೆಷಿನ್ ಮುಂದೆ ಬ್ಯಾಟು ಹಿಡಿದು ನಿಂತಿದ್ದೇನೆ.

"ಅಣ್ಣಾ, ಹೋದ ವಾರ 26 ಪೌಂಡ್ ಹಾಕಿ ಅಂದಿದ್ದೆ. ಈಗ 22ರ ಥರ ಆಡ್ತಿದೆ. ಮೆಷಿನ್ ಸರಿಯಾಗಿ ಎಳೀತಿದೆಯಾ?"

ಕೇಳಿದ ಮೇಲೆ ಅಳುಕು. ವರ್ಷಗಟ್ಟಲೆ ಇದೇ ಕೆಲಸದಲ್ಲಿ ಪಳಗಿದ ಕೈಯನ್ನು ಅನುಮಾನಿಸಿದ ಹಾಗಾಯಿತಲ್ಲ. ಗಟ್ಟಿಂಗ್ ಮಾಡುವ ಅಣ್ಣ ಬೇಜಾರು ಮಾಡಿಕೊಳ್ಳುವುದಿಲ್ಲ. ಬ್ಯಾಟನ್ನು ಅಂಗೈಗೆ ಎರಡು ಸಲ ಬಡಿದು ಕಿವಿ ಹತ್ತಿರ ಹಿಡಿಯುತ್ತಾರೆ.

"ಇಳಿದಿದೆ ಸಾರ್, ನಿಜ. ಮೊದಲು ಮೆಷಿನ್ನೇ ನೋಡಿಬಿಡೋಣ ಬನ್ನಿ."

ಡ್ರಾಯರಿನಿಂದ ಲಗೇಜ್ ತೂಗುವ ಪುಟ್ಟ ತಕ್ಕಡಿ ಹೊರಬರುತ್ತದೆ. ತುಂಡು ಗಟ್ಟಿನ ನಡುವೆ ಅದನ್ನು ಕಟ್ಟಿ, ಮೆಷಿನ್ನಿನಲ್ಲಿ 24 ಒತ್ತುತ್ತಾರೆ. ಒಂದು ಪೌಂಡ್ ಎಂದರೆ 0.4536 ಕೆ.ಜಿ.; ಲೆಕ್ಕಕ್ಕೆ 10.9 ಬರಬೇಕು. ಅಂಕಿ ಏರುತ್ತದೆ: ಒಂಬತ್ತು, ಹತ್ತು... 10.8ಕ್ಕೆ ನಿಲ್ಲುತ್ತದೆ. ನನ್ನ ಅನುಮಾನದ ಅರ್ಧ ಅಲ್ಲೇ ಕರಗುತ್ತದೆ.

ಉಳಿದರ್ಧಕ್ಕೂ ಅವರಲ್ಲಿ ಉತ್ತರವಿದೆ. "ನಾನು 26ಕ್ಕೆ ಎಳೀತೀನಿ. ಆದ್ರೆ ಬ್ಯಾಟಲ್ಲಿ 26 ನಿಲ್ಲಲ್ಲ ಸಾರ್. ನೈಲಾನು ಹಿಗ್ಗುತ್ತೆ. ಮೊದಲನೇ ದಿನವೇ ಜಾಸ್ತಿ ಇಳಿಯೋದು, ಆಮೇಲೆ ನಿಧಾನಕ್ಕೆ."

ಹಳೆಯ ಗಟ್ಟನ್ನು ನಡುವಿನಿಂದ ಕತ್ತರಿಸುತ್ತಾರೆ, ಫ್ರೇಮಿನ ಒಂದೇ ಕಡೆ ಭಾರ ಬೀಳದಂತೆ. ಹೊಸದು ಬಿಜಿ 65, ದಪ್ಪ 0.70 ಮಿಲಿಮೀಟರ್. ಉದ್ದದ ಎಳೆಗಳು ನಡುವಿನಿಂದ ಎರಡೂ ಬದಿಗೆ ಹರಡುತ್ತವೆ. ಆಮೇಲೆ ಅಡ್ಡದ್ದು: ಒಂದರ ಮೇಲೆ, ಒಂದರ ಕೆಳಗೆ, ಮಗ್ಗದ ಮುಂದೆ ಕೂತಂತೆ. ಎಡಗೈ ಬೆರಳು ಕೆಳಗಿನಿಂದ ಎಳೆಯನ್ನು ಒತ್ತಿಕೊಡುತ್ತದೆ, ಬಲಗೈ ತುದಿಯನ್ನು ತೂರಿಸುತ್ತದೆ. ಎಳೆದು, ಕ್ಲ್ಯಾಂಪ್ ಬಿಗಿದು, ಎಳೆ ಸೊಟ್ಟಗಿದ್ದರೆ ಉಗುರಿನಿಂದ ನೇರ ಮಾಡುತ್ತಾರೆ. ತೋರುಬೆರಳಿನ ತುದಿಯಲ್ಲಿ ಗಟ್ಟು ಉಜ್ಜಿ ಉಜ್ಜಿ ಗೀರು ಬಿದ್ದಿದೆ.

ಗಟ್ ಎಂದರೆ ಕರುಳು. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಕಾಲಕ್ಕೆ ಪ್ರಾಣಿಯ ಕರುಳಿನ ಗಟ್ಟು ಇನ್ನೂ ಬಳಕೆಯಲ್ಲಿತ್ತು. ಕರುಳು ಹೋಗಿ ನೈಲಾನ್ ಬಂದರೂ ನಮ್ಮ ಬಾಯಲ್ಲಿ 'ಗಟ್ಟಿಂಗ್' ಉಳಿದಿದೆ.

ಹೊಸ ಗಟ್ಟು ಎಳೆಯುವ ಮೊದಲು ನಾನು ಕೇಳಿದ್ದೆ: "ಈ ಸಲ 28 ಹಾಕಿಬಿಡಿ ಅಣ್ಣಾ. ಹೊಡೆತಕ್ಕೆ ಪವರ್ ಬರ್ಲಿ."

ಅವರ ಕೈ ನಿಂತಿತ್ತು. "ಬಿಗಿ ಆದಷ್ಟೂ ಪವರ್ ಕಮ್ಮಿ ಆಗೋದು ಸಾರ್. ಸಡಿಲ ಇದ್ರೆ ಗಟ್ಟೇ ಕಾಕನ್ನ ಚಿಮ್ಮಿಸುತ್ತೆ. ಬಿಗಿ ಇದ್ರೆ ನಿಮ್ಮ ಕೈಯೇ ಹೊಡೀಬೇಕು, ಅದೂ ಸರಿಯಾಗಿ ನಡುವಿಗೇ ಬೀಳಬೇಕು. ಮೊಣಕೈ ನೋವು ಅಂತಿದ್ರಲ್ಲ, ಈಗ ಹೇಗಿದೆ?"

ನಾನು ಮೊಣಕೈ ಮುಟ್ಟಿಕೊಂಡಿದ್ದೆ. ನೋವು ಇನ್ನೂ ಇತ್ತು. ಕೋಚಿಂಗ್ ಹುಡುಗರು 28 ಹಾಕಿಸುತ್ತಾರೆಂದು ನಾನೂ ಅಂಕಿ ಏರಿಸುತ್ತ ಬಂದಿದ್ದೆ. ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡುವ ಅವರ ಮಣಿಕಟ್ಟಿನ ವೇಗ ನನಗೆಲ್ಲಿಂದ ಬರಬೇಕು?

"24 ಹಾಕಿ" ಎಂದಿದ್ದೆ.

ಅರ್ಧ ಗಂಟೆಯಲ್ಲಿ ಬ್ಯಾಟು ಸಿದ್ಧ. ಕೋರ್ಟಿಗಿಳಿದು ಹಿಂದಿನ ಗೆರೆಯಿಂದ ಒಂದು ಕ್ಲಿಯರ್ ಎತ್ತುತ್ತೇನೆ. ಕಾಕ್ ಆಚೆಯ ಗೆರೆಯವರೆಗೆ ಆರಾಮಾಗಿ ಹೋಗಿ ಬೀಳುತ್ತದೆ. ಮೊಣಕೈ ಚುಚ್ಚುವುದಿಲ್ಲ.

ನಿಮಗೂ ಗಟ್ಟಿಂಗ್ ಬಗ್ಗೆ ಅನುಮಾನವಿದ್ದರೆ ಒಳಗೇ ಇಟ್ಟುಕೊಳ್ಳಬೇಡಿ, ನೇರವಾಗಿ ಕೇಳಿ. ಕೆಲಸ ಬಲ್ಲವರು ತಕ್ಕಡಿ ತಂದು ತೋರಿಸುತ್ತಾರೆ. ಎಷ್ಟು ಪೌಂಡ್ ಎಂದು ಹೇಳುವ ಮೊದಲು ಮಾತ್ರ ನಿಮ್ಮ ಕೈಯನ್ನೂ ಒಮ್ಮೆ ಕೇಳಿಕೊಳ್ಳಿ.