ಕೌದಿ, ತೊಗರಿ ರಾಶಿ ಮತ್ತು ಒಂದು ರಕ್ತಪರೀಕ್ಷೆ

ಕಳೆದ ಪುಷ್ಯಮಾಸದಲ್ಲಿ, ತೊಗರಿ ರಾಶಿಯ ದಿನಗಳಲ್ಲಿ, ಶಹಾಪುರದಿಂದ ನನ್ನ ತಂಗಿಯ ಮಗಳು ಫೋನು ಮಾಡಿದಳು. ಅವಳ ಏಳು ವರ್ಷದ ಮಗಳಿಗೆ ರಾತ್ರಿ ಹೊತ್ತು ದಮ್ಮು ಏರುತ್ತಿತ್ತು. ಕಲಬುರಗಿಯಲ್ಲಿ ರಕ್ತಪರೀಕ್ಷೆ ಮಾಡಿಸಿದ್ದರು. "ಮಾಮಾ, ಐಜಿಇ ಎಂಟುನೂರಾ ಐವತ್ತು ಬಂದದ. ಇಯೋಸಿನೊಫಿಲ್ ಒಂಬೈನೂರು. ಎರಡಕ್ಕೂ ಕೆಂಪು ಗುರುತು ಹಾಕ್ಯಾರ. ಹುಡುಗೀದು ರಕ್ತಾನೇ ಕೆಟ್ಟದೇನು?"

ಜೀವಶಾಸ್ತ್ರದ ಮಾಸ್ತರನಾಗಿದ್ದವನಿಗೆ ಇಂಥ ಪ್ರಶ್ನೆಗಳು ನಿವೃತ್ತಿಯ ನಂತರವೂ ತಪ್ಪುವುದಿಲ್ಲ. ರಕ್ತ ಕೆಟ್ಟಿರಲಿಲ್ಲ. ಇಯೋಸಿನೊಫಿಲ್ ಎಂಬುದು ಬಿಳಿ ರಕ್ತಕಣದ ಒಂದು ಬಗೆ. ಇಯೋಸಿನ್ ಎಂಬ ಬಣ್ಣ ಹಾಕಿದಾಗ ಕೆಂಪೇರುತ್ತದೆಂದು 1879ರಲ್ಲಿ ಪಾಲ್ ಎರ್ಲಿಕ್ ಅದಕ್ಕೆ ಆ ಹೆಸರಿಟ್ಟನು. ಐಜಿಇ ಒಂದು ಪ್ರತಿಕಾಯ. 1966-67ರ ಸುಮಾರಿಗೆ ಅಮೆರಿಕದಲ್ಲಿ ಇಶಿಜಾಕ ದಂಪತಿಗಳೂ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಚ್ ಅವರೂ ಪ್ರತ್ಯೇಕವಾಗಿ ಅದನ್ನು ಗುರುತಿಸಿದರು. ಅಲರ್ಜಿಯುಳ್ಳ ಮಗುವಿನಲ್ಲಿ ಈ ಪ್ರತಿಕಾಯವು ಶ್ವಾಸನಾಳದ ಕೆಲವು ಜೀವಕೋಶಗಳಿಗೆ ಅಂಟಿಕೊಂಡು ಕಾದಿರುತ್ತದೆ. ತನಗೆ ಒಗ್ಗದ ಧೂಳು ಒಳಹೊಕ್ಕೊಡನೆ ಆ ಕೋಶಗಳು ಹಿಸ್ಟಮಿನ್ ಮುಂತಾದ ದ್ರವ್ಯಗಳನ್ನು ಚೆಲ್ಲುತ್ತವೆ, ನಾಳ ಬಿಗಿಯುತ್ತದೆ, ಕಫ ಕಟ್ಟುತ್ತದೆ.

ಆದರೆ ನಮ್ಮ ಸೀಮೆಯಲ್ಲಿ ಈ ಅಂಕಿಗಳನ್ನು ಓದುವುದು ಅಷ್ಟು ಸುಲಭವಲ್ಲ. ಹೊಟ್ಟೆಯಲ್ಲಿ ಜಂತುಹುಳುವಿದ್ದರೂ ಎರಡೂ ಏರುತ್ತವೆ. ಯಾದಗಿರಿ, ಕಲಬುರಗಿ ಕಡೆಗೆ ಆನೆಕಾಲು ರೋಗ ಹಳೆಯ ನೆಂಟ. ಅದೇ ಫೈಲೇರಿಯಾ ಹುಳುವಿನಿಂದ ಕೆಲವರಿಗೆ ರಾತ್ರಿ ಕೆಮ್ಮು, ಉಬ್ಬಸ ಬಂದು, ನೋಡಿದವರು ಅಸ್ತಮಾ ಎಂದೇ ತಿಳಿಯುತ್ತಾರೆ. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯನು ಅದಕ್ಕೆ ಟ್ರಾಪಿಕಲ್ ಇಯೋಸಿನೊಫಿಲಿಯಾ ಎಂಬ ಹೆಸರು ಕೊಟ್ಟನು. ಅದರಲ್ಲಿ ಇಯೋಸಿನೊಫಿಲ್ ಸಾಮಾನ್ಯವಾಗಿ ಮೂರು ಸಾವಿರವನ್ನು ದಾಟುತ್ತದೆ, ಔಷಧವೂ ಬೇರೆ. ಕಲಬುರಗಿಯ ವೈದ್ಯರು ಮೊದಲು ಇವೆರಡನ್ನೂ ವಿಚಾರಿಸಿದರಂತೆ. ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ನುಂಗಿದ್ದಾಳೆಯೇ, ಮನೆಯಲ್ಲಿ ಯಾರಿಗಾದರೂ ಕಾಲು ಬಾತಿದೆಯೇ ಎಂದು ಕೇಳಿದ್ದು ನನಗೆ ಬಹಳ ಸಮಾಧಾನ ತಂದಿತು. ಕಾಗದ ನೋಡುವ ಮೊದಲು ಊರನ್ನು ಕೇಳಿದ ವೈದ್ಯರು ಅವರು.

ಮನೆಯವರೆಲ್ಲ ತೊಗರಿ ಹೊಟ್ಟನ್ನು ದೂರಿದರು. ಮುಂಗೈ ಮೇಲೆ ಹನಿ ಹಾಕಿ ಚುಚ್ಚುವ ಪರೀಕ್ಷೆಯಲ್ಲಿ ಕಾಲು ಗಂಟೆಗೆ ಗಂಧೆ ಎದ್ದದ್ದು ಮಾತ್ರ ಮನೆಧೂಳಿನ ನುಸಿಗೆ. ಹಾಸಿಗೆ, ಹೊದಿಕೆಗಳಲ್ಲಿ ಬೀಡುಬಿಟ್ಟು ನಮ್ಮ ಚರ್ಮದ ಹೊಟ್ಟನ್ನು ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಿ ಅದು. ಹುಡುಗಿ ಮಲಗುತ್ತಿದ್ದುದು ಅಜ್ಜಿಯ ಕೌದಿಯಲ್ಲಿ. ನನ್ನ ತಂಗಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಎರಡು ಬೇಸಿಗೆ ಕೂತು ಹೊಲಿದ ಕೌದಿ. ಅವಳ ಮುಖ ಸಣ್ಣಗಾಯಿತು. "ನಾ ಹೊಲದದ್ದರಾಗೇ ವಿಷ ಅದ ಅಂತೀರೇನಪ್ಪಾ?" ಎಂದಳು. ಕೌದಿಯ ತಪ್ಪಲ್ಲ, ವಾರಕ್ಕೊಮ್ಮೆ ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿದರೆ ನುಸಿ ಸಾಯುತ್ತದೆ ಎಂದು ತಿಳಿಸುವುದರಲ್ಲಿ ನನಗೆ ಒಂದು ಮಧ್ಯಾಹ್ನ ಹಿಡಿಯಿತು. ರಾಶಿಯ ಧೂಳೂ ನಿರಪರಾಧಿಯಲ್ಲ. ಅಲರ್ಜಿ ಇಲ್ಲದೆಯೂ ಅದು ಕೆರಳಿದ ಎದೆಯನ್ನು ಇನ್ನಷ್ಟು ಕೆರಳಿಸುತ್ತದೆ. ಆದ್ದರಿಂದ ಕಣದ ದಿನಗಳಲ್ಲಿ ಅವಳನ್ನು ಸುರಪುರದ ಅತ್ತೆಯ ಮನೆಗೆ ಕಳಿಸಿದೆವು.

ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಎರಡು ದಶಕ ಲೆಕ್ಕವಿಟ್ಟು ತೋರಿಸಿದ್ದು ಇಲ್ಲಿ ನೆನಪಾಗುತ್ತದೆ: ಅವರು ನೋಡಿದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇಕಡಾ 9, 1999ರಲ್ಲಿ 29.5. ಅದು ನಗರದ ಹೊಗೆಯ ಕಥೆ. ನಮ್ಮ ಕಡೆ ಇನ್ನೂ ಮೃಗಶಿರಾ ಮಳೆಗೆ ರೈಲು ಹತ್ತಿ ಹೈದರಾಬಾದಿಗೆ ಮೀನಿನ ಮದ್ದು ನುಂಗಲು ಹೋಗುವವರಿದ್ದಾರೆ. ಬೀಗರೊಬ್ಬರು ಅದನ್ನೇ ಸೂಚಿಸಿದರು. ಹೋಗುವವರೊಡನೆ ನಾನು ಜಗಳವಾಡುವುದಿಲ್ಲ. ಇನ್‌ಹೇಲರ್ ನಿಲ್ಲಿಸಿ ಹೋಗುತ್ತೇವೆಂದಾಗ ಮಾತ್ರ ಸುಮ್ಮನಿರಲಾರೆ. ಇಯೋಸಿನೊಫಿಲ್ ಏರಿದ ಮಕ್ಕಳಿಗೇ ಸೇದುವ ಸ್ಟೀರಾಯ್ಡ್ ಹೆಚ್ಚು ಹಿಡಿಸುತ್ತದೆ. ಅಂದರೆ ಆ ಕೆಂಪು ಗುರುತಿನಲ್ಲಿ ಒಂದಿಷ್ಟು ಶುಭವೂ ಇತ್ತು. "ಹೆಣ್ಣುಹುಡುಗಿ, ನಾಕು ಮಂದಿ ಎದುರು ಅದನ್ನ ಬಾಯಾಗ ಇಟ್ಕೊಂಡ್ರ ನಾಳೆ ಲಗ್ನ?" ಎಂಬ ಮಾತೂ ಬಂತು. ಏಳು ವರ್ಷದವಳ ಲಗ್ನ!

ಯುಗಾದಿಯ ಹೊತ್ತಿಗೆ ಅವಳು ರಾತ್ರಿಯೆಲ್ಲ ಮಲಗುತ್ತಿದ್ದಳು. ಐಜಿಇ ಮತ್ತೆ ನೋಡಿಸೋಣವೇ ಎಂದು ತಾಯಿ ಕೇಳಿದ್ದಕ್ಕೆ ವೈದ್ಯರು ಬೇಡವೆಂದು, ವಾರದಲ್ಲಿ ಎಷ್ಟು ರಾತ್ರಿ ಎದ್ದಳು ಎಂಬುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿದರಂತೆ.

ನನ್ನ ಶಿಷ್ಯರಲ್ಲಿ ಈಗ ಮಾಸ್ತರರಾಗಿರುವವರು ಬಹಳ ಮಂದಿ. ನಿಮ್ಮ ತರಗತಿಯಲ್ಲಿ ಇಂಥ ಮಗುವಿದ್ದರೆ ಅದರ ನೀಲಿ ಇನ್‌ಹೇಲರನ್ನು ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ, ಚೀಲದಲ್ಲೇ ಇರಲಿ. ಕಸ ಗುಡಿಸುವ ಪಾಳಿಯಿಂದ ಅದನ್ನು ಬಿಡಿಸಿ, ಆಟದಿಂದ ಬಿಡಿಸಬೇಡಿ.