ಒಬ್ಬನ ಹೆಸರು, ಹನ್ನೊಂದು ಮಂದಿಯ ಗೆಲವು

ಶಾಸ್ತ್ರಗ್ರಂಥಗಳಲ್ಲಿ ಛತ್ರಿನ್ಯಾಯವೆಂಬುದೊಂದುಂಟು. ದಾರಿಯಲ್ಲಿ ಹತ್ತಾರು ಜನರ ಗುಂಪು ಹೋಗುತ್ತಿದೆ. ಅವರಲ್ಲಿ ಒಬ್ಬನೋ ಇಬ್ಬರೋ ಕೊಡೆ ಹಿಡಿದಿದ್ದಾರೆ. ದೂರದಿಂದ ನೋಡಿದವನು ‘ಕೊಡೆಯವರು ಹೋಗುತ್ತಿದ್ದಾರೆ’ ಎನ್ನುತ್ತಾನೆ. ಕೊಡೆಯಿಲ್ಲದವರೂ ಆ ಮಾತಿನೊಳಗೆ ಸೇರಿಹೋಗುತ್ತಾರೆ. ಲಕ್ಷಣೆಗೆ ಉದಾಹರಣೆಯಾಗಿ ಪಂಡಿತರು ಇದನ್ನು ಹೇಳುವುದು ವಾಡಿಕೆ. ಈ ಮಾತಿನಲ್ಲಿ ಸುಳ್ಳೇನೂ ಇಲ್ಲ. ಆದರೆ ನೆರಳು ಯಾರಿಗೆ ಬಿದ್ದಿತು, ಬಿಸಿಲು ಯಾರಿಗೆ ತಗುಲಿತು ಎಂಬುದನ್ನು ಅದು ತಿಳಿಸುವುದಿಲ್ಲ. ಲೋಕದಲ್ಲಿ ಕೀರ್ತಿಯ ಹಂಚಿಕೆಯೂ ಬಹುಮಟ್ಟಿಗೆ ಇದೇ ನ್ಯಾಯವನ್ನು ಅನುಸರಿಸಿದೆ.

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿರುವ ಮಲಪನಗುಡಿಯಲ್ಲಿ ವಿಜಯನಗರದ ಕಾಲದ ಮೆಟ್ಟಿಲುಬಾವಿಯೊಂದಿದೆ. ಆ ಕಾಲದ ಕಟ್ಟಡಗಳನ್ನು ನೋಡಲು ಬಂದವರು ಅರಸರ ಹೆಸರುಗಳನ್ನು ಕೇಳಿ ತಿಳಿದುಕೊಂಡು ಹೋಗುತ್ತಾರೆ. ಕಲ್ಲು ಕಡೆದವರು, ಮಣ್ಣು ಹೊತ್ತವರು ಇಂಥವರೆಂದು ಯಾರೂ ಕೇಳುವುದಿಲ್ಲ, ಕೇಳಿದರೂ ಹೇಳಬಲ್ಲವರಿಲ್ಲ. ಇನ್ನಷ್ಟು ಮುಂದೆ ಹೋದರೆ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಜಟ್ಟಿಗಳ ಶಿಲ್ಪಗಳು ಕಾಣುತ್ತವೆ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸನು ಮಹಾನವಮಿಯ ಮಲ್ಲಯುದ್ಧಗಳನ್ನು ಕಂಡು ಬರೆದಿಟ್ಟಿದ್ದಾನೆ. ಕುಸ್ತಿಯ ವಿಷಯದಲ್ಲಿ ತೊಡಕೇನೂ ಇಲ್ಲ. ಮಣ್ಣು ಮುಕ್ಕಿಸಿದವನು ಗೆದ್ದ, ಗೆದ್ದವನು ಹೆಸರು ಪಡೆದ. ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಕ್ರೀಡಾಸಂಸ್ಥೆಯಲ್ಲಿ ಕುಸ್ತಿ, ಮುಷ್ಟಿಯುದ್ಧ, ಜೂಡೋಗಳನ್ನು ಕಲಿಯುವ ಹುಡುಗಹುಡುಗಿಯರಿಗೂ ಇದೇ ಮಾತು ಸಲ್ಲುತ್ತದೆ. ಗೆಲವೂ ಕೀರ್ತಿಯೂ ಅಲ್ಲಿ ಒಂದೇ ನಾಣ್ಯದ ಎರಡು ಮುಖಗಳು.

ತೊಡಕು ಹುಟ್ಟುವುದು ತಂಡದ ಆಟದಲ್ಲಿ, ಅದರಲ್ಲಿಯೂ ಕ್ರಿಕೆಟ್ಟಿನಲ್ಲಿ. ಚೆಂಡು ಎಸೆಯುವವನು ಒಬ್ಬ, ಎದುರಿಸುವವನು ಒಬ್ಬ. ಪ್ರತಿಯೊಂದು ಚೆಂಡೂ ಒಂದು ಪುಟ್ಟ ಮಲ್ಲಯುದ್ಧವೇ ಸರಿ. ಆದರೆ ಗೆಲವನ್ನು ಬರೆಯುವುದು ಹನ್ನೊಂದು ಮಂದಿಯ ಲೆಕ್ಕಕ್ಕೆ. ಒಂದೇ ಪುಸ್ತಕದಲ್ಲಿ ಹೀಗೆ ಎರಡು ಲೆಕ್ಕಗಳು ನಡೆಯುತ್ತವೆ. ಎರಡೂ ಒಂದಕ್ಕೊಂದು ಯಾವಾಗಲೂ ತಾಳೆಯಾಗುವುದಿಲ್ಲ.

ಮಲಪನಗುಡಿಯ ಜಗಲಿಯೊಂದರ ಮೇಲೆ ಕೆಲವು ವರ್ಷಗಳ ಹಿಂದೆ ಇಬ್ಬರು ಮೊಮ್ಮಕ್ಕಳು ಈ ಕುರಿತಾಗಿಯೇ ಜಗಳವಾಡುತ್ತಿದ್ದರು. ಐದು ಸಲ ಕಪ್ಪು ಗೆದ್ದ ಧೋನಿಯೇ ದೊಡ್ಡವನೆಂದು ಒಬ್ಬನು. ಕಪ್ಪಿಲ್ಲದಿದ್ದರೇನು, ಕೊಹ್ಲಿಯಷ್ಟು ರನ್ನು ಹೊಡೆದವರು ಯಾರಿದ್ದಾರೆಂದು ಇನ್ನೊಬ್ಬನು. “ನೀನೇ ಹೇಳು, ತಾತ” ಎಂದು ಇಬ್ಬರೂ ಪಂಚಾಯಿತಿಗೆ ಬಂದರು. ಮುದುಕನು ಎಲೆಗೆ ಸುಣ್ಣ ಹಚ್ಚುತ್ತ, “ಆ ಕಪ್ಪು ಬಂದ ದಿನ ಅವನ ಜೊತೆ ಆಡಿದ ಹತ್ತು ಮಂದಿಯ ಹೆಸರು ಹೇಳ್ರಪ್ಪ, ಆಮೇಲೆ ತೀರ್ಪು ಹೇಳುತ್ತೇನೆ” ಎಂದನು. ಹುಡುಗರು ನಾಲ್ಕು ಹೆಸರುಗಳಿಗೇ ನಿಂತರು. ತೀರ್ಪು ಅಂದು ಹೊರಬೀಳಲೇ ಇಲ್ಲ.

ಕನ್ನಡನಾಡಿನ ಆಟಗಾರರ ಚರಿತ್ರೆಯನ್ನು ತೆರೆದರೆ ಈ ತೀರ್ಪಿಗೆ ಬೇಕಾದ ಸಾಕ್ಷ್ಯಗಳು ಸಾಕಷ್ಟು ದೊರೆಯುತ್ತವೆ. ಮೊದಲನೆಯ ಸಾಕ್ಷಿ ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು. 1975ರ ಜನವರಿಯಲ್ಲಿ ಮದರಾಸಿನ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸನು 64 ರನ್ನಿಗೆ 7 ವಿಕೆಟ್ ಕಿತ್ತು ಭಾರತವನ್ನು 190ಕ್ಕೆ ಮುಗಿಸಿದನು. ಆ 190ರಲ್ಲಿ ವಿಶ್ವನಾಥರದು 97, ಔಟಾಗದೆ. ಬೇಡಿಯೂ ಚಂದ್ರಶೇಖರರೂ ಬ್ಯಾಟಿನ ವಿದ್ಯೆಯಲ್ಲಿ ಹೆಸರಾದವರಲ್ಲ; ಆದರೂ ಆಚೆಯ ತುದಿಯಲ್ಲಿ ಕೈಲಾದಷ್ಟು ಹೊತ್ತು ನಿಂತರು. ಕೊನೆಯ ವಿಕೆಟ್ ಬಿದ್ದಾಗ ಶತಕಕ್ಕೆ ಮೂರು ರನ್ನು ಉಳಿದಿತ್ತು. ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು. ವಿಶ್ವನಾಥರು ಟೆಸ್ಟ್ ಪಂದ್ಯಗಳಲ್ಲಿ ಹೊಡೆದ ಶತಕಗಳು 14. ಅವರು ಶತಕ ಹೊಡೆದ ಯಾವ ಟೆಸ್ಟಿನಲ್ಲಿಯೂ ಭಾರತ ಸೋಲಲಿಲ್ಲ. ಆದರೂ ರಸಿಕರು ಮೊದಲು ನೆನೆಯುವುದು ಶತಕವಾಗದ ಆ 97ನ್ನೇ. ಆ ರನ್ನುಗಳು ತಂಡದ ಲೆಕ್ಕಕ್ಕೆ ನೇರವಾಗಿ ಸಂದುವು ಎಂಬುದೇ ಇದಕ್ಕೆ ಕಾರಣವಿರಬೇಕು.

ಅದಕ್ಕೆ ಹಿಂದಿನ ವರ್ಷದ ಕಥೆ ಇನ್ನೂ ಸ್ವಾರಸ್ಯವಾದದ್ದು. 1958-59ರಿಂದ ಹದಿನೈದು ವರ್ಷ ಎಡೆಬಿಡದೆ ರಣಜಿ ಪಾರಿತೋಷಕವನ್ನು ತನ್ನಲ್ಲಿಯೇ ಇಟ್ಟುಕೊಂಡಿದ್ದ ಮುಂಬಯಿಯನ್ನು 1974ರಲ್ಲಿ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕ ಹಿಂದಿಕ್ಕಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗ ಇನ್ನೂ ವರ್ಷವಾಗಿರಲಿಲ್ಲ. ವಿಶ್ವನಾಥರೂ ಬ್ರಿಜೇಶ್ ಪಟೇಲರೂ ಶತಕ ಹೊಡೆದರು. ನಾಯಕ ಪ್ರಸನ್ನರು ಗಾವಸ್ಕರರ ವಿಕೆಟ್ ಉರುಳಿಸಿದರು. ವಾಡೇಕರರು ರನ್ ಔಟಾದರು. ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪಾರಿತೋಷಕವನ್ನು ತಂದರು. ಅದು ಯಾರ ಗೆಲವು ಎಂದು ಕೇಳಿದರೆ ಅಂದಿನ ಪ್ರೇಕ್ಷಕರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಗೆಲವು ತಂಡದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಒಬ್ಬನ ಕೀರ್ತಿಗಾಗಿ ತಂಡವು ತಾನೇ ತಗ್ಗಿ ನಡೆಯುವುದೂ ಉಂಟು. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆಯವರು ಪಾಕಿಸ್ತಾನದ ಒಂಬತ್ತು ವಿಕೆಟ್‌ಗಳನ್ನು ತೆಗೆದಿದ್ದರು. ಇನ್ನೊಂದು ತುದಿಯಿಂದ ಬೌಲ್ ಮಾಡಬೇಕಾಗಿದ್ದವರು ಮೈಸೂರಿನ ಜಾವಗಲ್ ಶ್ರೀನಾಥರು. ಹತ್ತನೆಯ ವಿಕೆಟ್ ತಮಗೆ ಬೀಳಬಾರದೆಂದು ಅವರು ಚೆಂಡನ್ನು ಸ್ಟಂಪುಗಳಿಂದ ದೂರಕ್ಕೆ ಎಸೆಯುತ್ತ ಹೋದರು. ವಿಕೆಟ್ ಕೀಳುವುದನ್ನೇ ವೃತ್ತಿಯಾಗಿ ಮಾಡಿಕೊಂಡವನೊಬ್ಬ ವಿಕೆಟ್ ಬೀಳದಂತೆ ಎಚ್ಚರ ವಹಿಸಿದ ಆ ಓವರು ಯಾವ ಅಂಕಿಅಂಶದಲ್ಲಿಯೂ ಸದ್ಗುಣವಾಗಿ ಕಾಣುವುದಿಲ್ಲ. ಕುಂಬ್ಳೆಯವರು 74 ರನ್ನಿಗೆ 10 ವಿಕೆಟ್ ಪಡೆದರು. ಭಾರತ 212 ರನ್ನುಗಳಿಂದ ಗೆದ್ದಿತು. ಗೆಲವು ಆಗಲೇ ಕೈಸೇರಿದಂತಿದ್ದುದರಿಂದ ಆ ಔದಾರ್ಯಕ್ಕೆ ತಂಡವು ತೆರಬೇಕಾದ ಬೆಲೆ ಹೆಚ್ಚಿರಲಿಲ್ಲ ಎಂಬುದೂ ನಿಜ. 2021ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲರೂ ಒಂದೇ ಇನ್ನಿಂಗ್ಸಿನಲ್ಲಿ ಹತ್ತು ವಿಕೆಟ್ ಪಡೆದರು. ಅವರ ತಂಡ 372 ರನ್ನುಗಳಿಂದ ಸೋತಿತು. ಸಾಹಸ ಒಂದೇ, ಫಲ ಬೇರೆ.

ಇದಕ್ಕೆ ತಿರುಗುಮುರುಗಾದದ್ದು 2004ರ ಮಾರ್ಚಿ 29ರಂದು ಮುಲ್ತಾನಿನಲ್ಲಿ ನಡೆದ ಸಂಗತಿ. ಅಂದು ನಾಯಕತ್ವದ ಹೊಣೆ ರಾಹುಲ್ ದ್ರಾವಿಡರದು. ಸಚಿನ್ ತೆಂಡೂಲ್ಕರರು 194ರಲ್ಲಿ ಆಡುತ್ತಿದ್ದಾಗ ಅವರು ಇನ್ನಿಂಗ್ಸನ್ನು ಡಿಕ್ಲೇರ್ ಮಾಡಿದರು. ದ್ವಿಶತಕಕ್ಕೆ ಆರು ರನ್ನು ಸಾಲದೆ ಹೋಯಿತು. ತೆಂಡೂಲ್ಕರರು ತಮಗಾದ ನಿರಾಶೆಯನ್ನು ಮರೆಮಾಡಲಿಲ್ಲ. ಭಾರತ ಒಂದು ಇನ್ನಿಂಗ್ಸೂ 52 ರನ್ನುಗಳೂ ಮಿಗುವಂತೆ ಗೆದ್ದಿತು. ಪಾಕಿಸ್ತಾನದ ನೆಲದಲ್ಲಿ ಅದು ಭಾರತದ ಮೊದಲನೆಯ ಟೆಸ್ಟ್ ಜಯ. ಗೆಲವಿನ ಬಳಿಕವೂ ಹೊತ್ತು ಉಳಿದಿತ್ತಲ್ಲ, ಇನ್ನೊಂದೆರಡು ಓವರು ಕಾಯಬಹುದಾಗಿತ್ತಲ್ಲ ಎಂದು ವಾದಿಸುವವರು ಈಗಲೂ ಇದ್ದಾರೆ. ಆ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾಯಬಹುದೆಂಬುದು ಪಂದ್ಯ ಮುಗಿದ ಮೇಲೆ ತಿಳಿಯುವ ಮಾತು. ನಾಯಕನು ನಿರ್ಧರಿಸಬೇಕಾದದ್ದು ಅದಕ್ಕೆ ಮೊದಲು.

ದೆಹಲಿಯಲ್ಲಿ ಶ್ರೀನಾಥರು ತೆತ್ತರು, ಮುಲ್ತಾನಿನಲ್ಲಿ ತೆಂಡೂಲ್ಕರರು ತೆತ್ತರು. ವಿಚಾರಮಾಡತಕ್ಕದ್ದು ಇದನ್ನೇ. ಕೀರ್ತಿ ದೊಡ್ಡದೋ ಗೆಲವು ದೊಡ್ಡದೋ ಎಂಬ ಪ್ರಶ್ನೆ ಹುಡುಗರ ಜಗಳಕ್ಕೆ ಸಾಕು. ಯಾರ ಕೀರ್ತಿಗೆ ಯಾರು ಬೆಲೆ ತೆತ್ತರು, ಮನಸ್ಸಿನಿಂದ ತೆತ್ತರೋ ಬಲವಂತಕ್ಕೋ ಎಂಬುದೇ ಆಟದ ಧರ್ಮವನ್ನು ತಿಳಿಸುವ ಪ್ರಶ್ನೆ.

ಆಟವು ಜೀವನೋಪಾಯವಾದ ಮೇಲೆ ಈ ಪ್ರಶ್ನೆ ಮತ್ತಷ್ಟು ಗಹನವಾಗಿದೆ. ಹರಾಜಿನಲ್ಲಿ ಕೂಗುವುದು ಒಬ್ಬೊಬ್ಬನ ಬೆಲೆಯನ್ನು. ಹನ್ನೊಂದು ಮಂದಿಯ ಹೊಂದಾಣಿಕೆಗೆ ಬೆಲೆ ಕಟ್ಟುವವರಿಲ್ಲ. ಆಟಗಾರನ ದುಡಿಮೆಯ ಕಾಲವೋ ಹತ್ತು ಹದಿನೈದು ವರ್ಷ. ಮಂಡಿಯೋ ಭುಜವೋ ಕೈಕೊಟ್ಟರೆ ಅಷ್ಟೂ ಇಲ್ಲ. ಅವನು ತನ್ನ ಹೆಸರನ್ನು ಕಾಪಾಡಿಕೊಂಡರೆ ಅದನ್ನು ಬರಿಯ ಸ್ವಾರ್ಥವೆಂದು ಹಳಿಯುವುದು ಸಂಬಳಕ್ಕೆ ದುಡಿಯುವ ಗೃಹಸ್ಥರಿಗೆ ಒಪ್ಪುವ ಮಾತಲ್ಲ.

ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಈ ಮಾತಿಗೆ ದೊಡ್ಡ ನಿದರ್ಶನ. 2008ರಿಂದ ಅಲ್ಲಿ ಹೆಸರುಗಳಿಗೆ ಬರವಿರಲಿಲ್ಲ. 2013ರಲ್ಲಿ ಕ್ರಿಸ್ ಗೇಲನು ಒಂದೇ ಪಂದ್ಯದಲ್ಲಿ ಔಟಾಗದೆ 175 ಹೊಡೆದನು. ಆ ವರ್ಷ ತಂಡವು ಮೊದಲ ನಾಲ್ಕರೊಳಗೆ ಸೇರಲಿಲ್ಲ. 2016ರಲ್ಲಿ ವಿರಾಟ್ ಕೊಹ್ಲಿಯವರು ನಾಲ್ಕು ಶತಕಗಳೊಡನೆ 973 ರನ್ನು ಹೊಡೆದರು; ತಂಡವು ಬೆಂಗಳೂರಿನಲ್ಲಿಯೇ ನಡೆದ ಅಂತಿಮ ಪಂದ್ಯವನ್ನು ಹೈದರಾಬಾದಿಗೆ 8 ರನ್ನುಗಳಿಂದ ಒಪ್ಪಿಸಿತು. ಕೊನೆಗೆ ಕಪ್ಪು ಬಂದದ್ದು ಹದಿನೆಂಟನೆಯ ವರ್ಷದಲ್ಲಿ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ. ಅಂದು ತಂಡದ 190 ರನ್ನುಗಳಲ್ಲಿ ಯಾರೊಬ್ಬರ ಅರ್ಧಶತಕವೂ ಇರಲಿಲ್ಲ. ಕೊಹ್ಲಿಯವರದು 43, ಉಳಿದದ್ದು ಸಣ್ಣ ಸಣ್ಣ ಪಾಲುಗಳು. ಆ ವರ್ಷ ತಂಡವು ಕೊಹ್ಲಿಯವರಿಗೆ ಕೊಟ್ಟ ಬೆಲೆ 21 ಕೋಟಿ ರೂಪಾಯಿ, ನಾಯಕ ರಜತ್ ಪಾಟೀದಾರರಿಗೆ 11 ಕೋಟಿ. ಅಂತಿಮ ಪಂದ್ಯದ ಶ್ರೇಷ್ಠ ಆಟಗಾರನೆನಿಸಿದ ಕೃಣಾಲ್ ಪಾಂಡ್ಯರನ್ನು ಕೊಂಡದ್ದು 5 ಕೋಟಿ 75 ಲಕ್ಷಕ್ಕೆ. ನಾಲ್ಕು ಓವರಿನಲ್ಲಿ 17 ರನ್ನಿಗೆ 2 ವಿಕೆಟ್ ಪಡೆದು ಪಂದ್ಯವನ್ನು ತಿರುಗಿಸಿದವರು ಅವರು. ಪಂಜಾಬು 6 ರನ್ನುಗಳಿಂದ ಸೋತಿತು. ಮೈದಾನದಲ್ಲಿ ಕೊಹ್ಲಿಯವರು ಕಣ್ಣೀರಿಟ್ಟರು. ಕಪ್ಪನ್ನು ಕಾಣದೆಯೇ ತಂಡವನ್ನು ಬಿಟ್ಟಿದ್ದ ಗೇಲನೂ ಡಿವಿಲಿಯರ್ಸನೂ ಅಲ್ಲಿಗೆ ಬಂದು ಸಂತೋಷದಲ್ಲಿ ಸೇರಿಕೊಂಡರು.

ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ತಂಡದಲ್ಲಿ ಆಡುವವರೂ ಹನ್ನೊಂದು ಮಂದಿ. ಅವರ ಹೆಸರುಗಳನ್ನು ನಾಡಿನ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಸತ್ತವರ ಹೆಸರುಗಳು ಅವರವರ ಮನೆಗಳಲ್ಲಿ ಉಳಿದಿವೆ. ಅಭಿಮಾನವು ಭಕ್ತಿಯಾಗಿ ಬೆಳೆದಾಗ ಬೆಲೆ ತೆರುವವರು ಆಟಗಾರರಷ್ಟೇ ಅಲ್ಲವೆಂಬುದನ್ನು ಗೆಲವಿನ ಲೆಕ್ಕದಲ್ಲಿ ಬರೆಯದೆ ಬಿಡುವುದು ಸರಿಯಲ್ಲ.

ಇನ್ನು ದ್ರಾವಿಡರ ಮಾತು. ಟೆಸ್ಟ್ ಪಂದ್ಯಗಳಲ್ಲಿ 13,288 ರನ್ನು ಹೊಡೆದ ಅವರಿಗೆ ಆಟಗಾರರಾಗಿ ವಿಶ್ವಕಪ್ಪು ಒದಗಲಿಲ್ಲ. 2003ರಲ್ಲಿ ಇನ್ನೊಬ್ಬ ಬ್ಯಾಟುಗಾರನಿಗೆ ಎಡೆಯಾಗಲೆಂದು ತಾವೇ ವಿಕೆಟ್ ಕೀಪರರ ಕೈಗವಸು ತೊಟ್ಟು ಅಂತಿಮ ಪಂದ್ಯದವರೆಗೂ ನಿಂತರು, ಭಾರತ ಸೋತಿತು. 2007ರಲ್ಲಿ ವೆಸ್ಟ್ ಇಂಡೀಸಿನಲ್ಲಿ ಅವರ ನಾಯಕತ್ವದ ತಂಡ ಮೊದಲನೆಯ ಸುತ್ತಿನಲ್ಲಿಯೇ ಹೊರಬಿದ್ದಿತು. ಅದೇ ವೆಸ್ಟ್ ಇಂಡೀಸಿನ ಬಾರ್ಬಡೋಸಿನಲ್ಲಿ 2024ರ ಜೂನ್ 29ರಂದು ಅವರು ತರಬೇತುದಾರರಾಗಿದ್ದ ತಂಡ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು ಗೆದ್ದಿತು. ಕೊಹ್ಲಿಯವರು ಕಪ್ಪನ್ನು ತಂದು ಅವರ ಕೈಗಿತ್ತರು.

ಇದಕ್ಕೂ ಮೊದಲೇ, 2018ರಲ್ಲಿ, ಹತ್ತೊಂಬತ್ತು ವರ್ಷದೊಳಗಿನವರ ತಂಡ ವಿಶ್ವಕಪ್ಪು ಗೆದ್ದಾಗ ತರಬೇತುದಾರ ದ್ರಾವಿಡರಿಗೆ 50 ಲಕ್ಷವನ್ನೂ ಸಹಾಯಕರಿಗೆ ತಲಾ 20 ಲಕ್ಷವನ್ನೂ ಕ್ರಿಕೆಟ್ ಮಂಡಳಿ ಸಾರಿತ್ತು. ಈ ತಾರತಮ್ಯ ತಕ್ಕುದಲ್ಲವೆಂದು ಅವರು ತಿಳಿಸಿದ ಮೇಲೆ ಅವರಿಗೂ ಸಹಾಯಕರಿಗೂ ಸಮನಾಗಿ 25 ಲಕ್ಷವಾಯಿತು. ಚೆಂಡು ಎಸೆದುಕೊಟ್ಟು ಅಭ್ಯಾಸ ಮಾಡಿಸುವವನಿಗೂ ಮೈ ನೀವುವವನಿಗೂ ಅದರಲ್ಲಿ ಪಾಲು ಬಂತು. 2024ರಲ್ಲಿಯೂ ತಮಗೆಂದು ಗೊತ್ತುಮಾಡಿದ್ದ 5 ಕೋಟಿಯಲ್ಲಿ ಅರ್ಧವನ್ನು ಬಿಟ್ಟು, ಜೊತೆಯ ತರಬೇತುದಾರರಿಗೆ ಕೊಟ್ಟಷ್ಟನ್ನೇ, ಎರಡೂವರೆ ಕೋಟಿಯನ್ನೇ, ತೆಗೆದುಕೊಂಡರೆಂದು ಪತ್ರಿಕೆಗಳು ಬರೆದುವು.

ಕೊಡೆ ಹಿಡಿದವನ ಹೆಸರಿನಿಂದಲೇ ಲೋಕವು ಗುಂಪನ್ನು ಕರೆಯುತ್ತದೆ. ಆ ರೂಢಿ ತಪ್ಪುವಂಥದಲ್ಲ. ಕೊಡೆಯನ್ನು ಪಕ್ಕದವನ ಕಡೆಗೆ ಎಷ್ಟು ವಾಲಿಸಬೇಕೆಂಬುದು ಮಾತ್ರ ಹಿಡಿದವನ ಕೈಯಲ್ಲಿದೆ.