ಎಳೆಯೋದು ಕಷ್ಟವೋ, ಬಿಡೋದು ಕಷ್ಟವೋ?

ಮದುವೆಮನೆಯಲ್ಲಿ ಯಾರಾದರೂ ಪಕ್ಕಕ್ಕೆ ಕೂತು "ಮಗಳು ಏನು ಮಾಡ್ಕೊಂಡಿದ್ದಾಳೆ?" ಎಂದು ಕೇಳಿದರೆ ನೀವು ಥಟ್ಟನೆ ಹೇಳಿಬಿಡುತ್ತೀರಿ. ನನಗೆ ಆ ಭಾಗ್ಯವಿಲ್ಲ. ನನ್ನ ಮಗಳು ಈಜಿಪ್ಟಿನ ದಹಬ್ ಎಂಬ ಊರಿನಲ್ಲಿದ್ದುಕೊಂಡು ಕೆಂಪು ಸಮುದ್ರಕ್ಕಿಳಿದು ಮೀನುಗಳ ಫೋಟೋ ತೆಗೆಯುತ್ತಾಳೆ. "ದೋಣಿ ಮೇಲಿಂದಲೋ?" "ಅಲ್ಲ, ನೀರೊಳಗಿಂದ." "ಅಯ್ಯೋ, ಉಸಿರು?" ಅಲ್ಲಿಗೆ ಮಾತು ನಿಲ್ಲುತ್ತದೆ. ಆ ಉಸಿರಿನ ಕತೆಯನ್ನೇ ಇವತ್ತು ನಿಮಗೆ ಹೇಳಬೇಕೆಂದು ಕೂತಿದ್ದೇನೆ.

ಅವಳು ಮೊದಲು ಕಲಿತದ್ದು ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಿಗೆ ಕೊಳವೆ. ಬಿಟ್ಟ ಉಸಿರೆಲ್ಲ ಗುಳುಗುಳು ಗುಳ್ಳೆಯಾಗಿ ಮೇಲೆ ಹೋಗಿಬಿಡುತ್ತದೆ. ಇದೆಂಥ ದುಂದು ನೋಡಿ! ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು. ಬಿಡುವ ಉಸಿರಿನಲ್ಲೂ ಇನ್ನೂ 16ರಷ್ಟು ಇದ್ದೇ ಇರುತ್ತದೆ. ಆ ಉಸಿರನ್ನು ಎಸೆಯದೆ ತೊಳೆದು ಮತ್ತೆ ಬಳಸುವ ಯಂತ್ರಕ್ಕೆ ರೀಬ್ರೀದರ್ ಅಂತ ಹೆಸರು. ಹೊಸದೇನೂ ಅಲ್ಲ. ಹೆನ್ರಿ ಫ್ಲೂಸ್ ಎಂಬ ಇಂಗ್ಲಿಷಿನವನು 1879ರ ಹೊತ್ತಿಗೇ ಮಾಡಿದ್ದನಂತೆ. ಗುಳ್ಳೆ ಏಳುವುದಿಲ್ಲವಾದ್ದರಿಂದ ಮೀನು ಬೆದರುವುದಿಲ್ಲ. ಮಗಳಿಗೆ ಬೇಕಾದದ್ದೂ ಅದೇ. ಬೆಲೆ ಮಾತ್ರ ಲಕ್ಷಗಟ್ಟಲೆ. ನನ್ನ ಎರಡು ಬಳೆ ಅದಕ್ಕೇ ಹೋದವು. ಅವರಪ್ಪನಿಗೆ ಗೊತ್ತಾದದ್ದು ಆಮೇಲೆ, ಅದು ಬೇರೆ ಕತೆ.

2023ರ ದೀಪಾವಳಿಗೆ ಮಗಳು ಆ ಯಂತ್ರದ ಸಮೇತ ತೀರ್ಥಹಳ್ಳಿಗೆ ಬಂದಳು. ಹಜಾರದಲ್ಲಿ ಬಿಚ್ಚಿ ಹರವಿದಾಗ ನೋಡಿದೆ: ದಪ್ಪ ಕೊಳವೆಗಳು, ಎರಡು ರಬ್ಬರಿನಂಥ ಚೀಲ, ಒಂದು ಡಬ್ಬಿ. ಬಿಟ್ಟ ಉಸಿರು ಚೀಲಕ್ಕೆ ಹೋಗಿ, ಡಬ್ಬಿಯ ಮೂಲಕ ಹಾದು ಮತ್ತೆ ಬಾಯಿಗೆ ಬರುತ್ತದೆ. ಡಬ್ಬಿಯಲ್ಲಿ ತುಂಬುವುದು ಏನು ಗೊತ್ತೇ? ಸುಣ್ಣ! ನಾವು ಎಲೆಗೆ ಹಚ್ಚುವ ಸುಣ್ಣದ ಜಾತಿಯೇ, ಸಬ್ಬಕ್ಕಿಯ ಹಾಗೆ ಕಾಳು ಕಾಳಾಗಿರುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಮತ್ತು ಕೊಡುವ ಯಂತ್ರದಲ್ಲೂ ಇದನ್ನೇ ಹಾಕುತ್ತಾರಂತೆ. ಉಸಿರಿನಲ್ಲಿರುವ ಇಂಗಾಲಾಮ್ಲವನ್ನು ಅದು ಹೀರಿಕೊಳ್ಳುತ್ತದೆ, ಹೀರುವಾಗ ಬಿಸಿಯಾಗುತ್ತದೆ. ಹಾಗಾಗಿ ಬಾಯಿಗೆ ಬರುವ ಗಾಳಿ ಬೆಚ್ಚಗೆ, ತೇವವಾಗಿರುತ್ತದೆ. ಸಿಲಿಂಡರಿನ ಗಾಳಿಯ ಹಾಗೆ ಗಂಟಲು ಒಣಗಿಸುವುದಿಲ್ಲ. ಡಬ್ಬಿ ತುಂಬುವಾಗ ನಾವು ಅಕ್ಕಿ ತುಂಬುವಂತೆ ತಟ್ಟಿ ತಟ್ಟಿ ಕೂರಿಸಬೇಕು. ನಡುವೆ ಸಂದು ಬಿಟ್ಟರೆ ಉಸಿರು ತೊಳೆಯದೆ ನುಸುಳಿಬಿಡುತ್ತದೆ. ನೀರು ಸೇರಿದರಂತೂ ಸುಣ್ಣದ ನೀರು ಬಾಯಿಗೇ ಬಂದು ಸುಡುತ್ತದೆ. ಎಲೆಗೆ ಸುಣ್ಣ ಹೆಚ್ಚಾದಾಗ ನಾಲಿಗೆ ಸುಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋಡೋಣ ಅಂತ ಕೊಳವೆಯನ್ನು ಬಾಯಿಗಿಟ್ಟುಕೊಳ್ಳಹೋದೆ. ಅವಳು ಬಂದು ಕಿತ್ತುಕೊಂಡಳು. "ಅಮ್ಮಾ! ಆಮ್ಲಜನಕ ಜೋಡಿಸಿಲ್ಲ. ಸುಣ್ಣ ಕೆಟ್ಟದ್ದನ್ನ ತೆಗೆಯುತ್ತೆ ಅಷ್ಟೆ, ಒಳ್ಳೇದನ್ನ ಕೊಡೋದಿಲ್ಲ. ಉಸಿರು ಕಟ್ಟಿದ ಹಾಗೂ ಅನ್ನಿಸದೆ ಎಚ್ಚರ ತಪ್ಪಿಬಿಡ್ತೀಯ." ನನಗೆ ಕೈಕಾಲು ತಣ್ಣಗಾಯಿತು. ಉಸಿರುಗಟ್ಟುವ ಸಂಕಟ ಬರುವುದು ಹೆಚ್ಚಾಗಿ ಇಂಗಾಲಾಮ್ಲ ಏರಿದಾಗಲಂತೆ. ಆಮ್ಲಜನಕ ಕಡಿಮೆಯಾದರೆ ದೇಹ ಬೊಬ್ಬೆ ಹೊಡೆಯುವುದಿಲ್ಲವಂತೆ. ಅದಕ್ಕೇ ಅದನ್ನು ಅಳೆದು ತೋರಿಸಲು ಅವಳ ಯಂತ್ರದಲ್ಲಿ ಮೂರು ಮೂರು ಕಣ್ಣುಗಳಿವೆ. ಎಲ್ಲ ಕೆಟ್ಟರೆ ಇರಲಿ ಎಂದು ಪಕ್ಕದಲ್ಲಿ ಮಾಮೂಲಿ ಸಿಲಿಂಡರ್ ಬೇರೆ.

ಇಷ್ಟೆಲ್ಲ ಕಾವಲಿದ್ದರೂ ಮಗಳ ಮುಖ ಬಾಡಿತ್ತು. ಆರು ತಿಂಗಳಿಂದ ಫೋನಿನಲ್ಲಿ ತಲೆನೋವು, ತಲೆನೋವು ಎನ್ನುತ್ತಿದ್ದಳು. ಕೇಳಿದರೆ ನಿದ್ದೆ ಸಾಲದು ಎಂಬ ಉತ್ತರ. ಮುಳುಗಿ ಎದ್ದ ದಿನವೇ ನೋವು ಎಂದು ಈಗ ಬಾಯಿಬಿಟ್ಟಳು. ಸುಣ್ಣ ಸರಿಯಾಗಿ ತುಂಬಿದ್ದಳು, ಆಮ್ಲಜನಕದ ಅಂಕಿ ಸರಿಯಾಗಿತ್ತು.

ನನಗೆ ಉಬ್ಬಸ ಹತ್ತಿ ಇಪ್ಪತ್ತು ವರ್ಷವಾಯಿತು. ಯಂತ್ರದ ವಿಷಯ ನಮಗೇನು ತಿಳಿದೀತು, ಆದರೆ ಉಸಿರಿನ ವಿಷಯ ಬಿಡಿ, ತಿಳಿದಷ್ಟು ತಿಳಿದಿದೆ. ನಮ್ಮ ಡಾಕ್ಟರು ನನ್ನನ್ನು ಮೊದಲು ಕೇಳಿದ್ದ ಪ್ರಶ್ನೆಯನ್ನೇ ಅವಳನ್ನು ಕೇಳಿದೆ: "ನೀರಲ್ಲಿ ಉಸಿರು ಎಳೆಯೋದು ಕಷ್ಟವೋ, ಬಿಡೋದು ಕಷ್ಟವೋ?" ಉಬ್ಬಸದವರಿಗೆ ಬಿಡುವುದೇ ಹೆಚ್ಚು ಕಷ್ಟ. ಅವಳು ಸ್ವಲ್ಪ ಯೋಚಿಸಿ "ಎಳೆಯೋದು" ಅಂದಳು. ಆಮೇಲೆ ಮಾತಾಡದೆ ಆ ಚೀಲಗಳನ್ನೇ ನೋಡುತ್ತ ಕೂತಳು.

ಗುಟ್ಟು ಆ ಚೀಲ ಇರುವ ಜಾಗದಲ್ಲಿತ್ತು. ನೀವೂ ಮನೆಯಲ್ಲಿ ನೋಡಬಹುದು. ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ ಬಕೆಟ್ ನೀರಿನಲ್ಲಿ ನಿಧಾನವಾಗಿ ಅದ್ದಿ. ಕೆಳಗೆ ಹೋದಷ್ಟೂ ಕವರು ಕೈಯನ್ನು ಅಪ್ಪಿ ಬಿಗಿಯುತ್ತದೆ. ಅಂಗೈ ಅಗಲದಷ್ಟು ಆಳ ಹೆಚ್ಚುಕಡಿಮೆಯಾದರೂ ನೀರಿನ ಒತ್ತಡ ಬೇರೆಯೇ. ಇವಳು ಬೋರಲಾಗಿ ಈಜುವಾಗ ಬೆನ್ನ ಮೇಲಿನ ಚೀಲ ಶ್ವಾಸಕೋಶಕ್ಕಿಂತ ಮೇಲಿರುತ್ತದೆ, ಅಲ್ಲಿ ಒತ್ತಡ ಕಡಿಮೆ. ಬಿಡುವುದು ಸಲೀಸು, ಎಳೆಯುವುದು ಕಷ್ಟ. ಚೀಲ ಎದೆಯ ಮೇಲಿದ್ದರೆ ಇದು ತಿರುಗುಮುರುಗು. ಹೆಗಲ ಮೇಲಿಂದ ಇಳಿಬಿಟ್ಟದ್ದು ಶ್ವಾಸಕೋಶದ ಸರಿಸಮಕ್ಕೆ ಹತ್ತಿರ ಬರುತ್ತದೆ. ಕ್ಯಾಮೆರಾ ಹಿಡಿಯಲು ಎದೆ ಖಾಲಿಯಿರಲಿ, ಜೊತೆಯವರೆಲ್ಲ ಅದನ್ನೇ ಕೊಂಡಿದ್ದಾರೆ ಅಂತ ಇವಳು ಬೆನ್ನಿನದನ್ನು ಕೊಂಡಿದ್ದಳು. ಅದೂ ದೊಡ್ಡ ಆಳಿನ ಅಳತೆಯದು! ಇವಳ ಹೆಗಲಿಗೆ ಪಟ್ಟಿ ಬಿಗಿಯಾಗದೆ ಚೀಲ ಇನ್ನೂ ಮೇಲಕ್ಕೆ ತೇಲುತ್ತಿತ್ತು. ಎಳೆಯುವುದು ಕಷ್ಟವಾದರೆ ಮನುಷ್ಯ ತನಗರಿವಿಲ್ಲದೆಯೇ ಉಸಿರಾಟ ಕಡಿಮೆ ಮಾಡುತ್ತಾನೆ. ಇಂಗಾಲಾಮ್ಲ ಮೈಯಲ್ಲೇ ಉಳಿಯುತ್ತದೆ, ಮೊದಲು ತಲೆನೋವು, ಆಮೇಲೆ ಏದುಸಿರು, ಆಮೇಲೆ ಬುದ್ಧಿಯೇ ಮಂಕು. ಅಷ್ಟು ಆಳದಲ್ಲಿ ಬುದ್ಧಿ ಮಂಕಾದರೆ ಏನಾಗುತ್ತದೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ವಾಪಸು ಹೋದ ಮೇಲೆ ಅವಳ ಗುರುಗಳು ಈಜುಕೊಳದಲ್ಲಿ ಬೇರೆ ಬೇರೆ ಬಗೆಯ ಯಂತ್ರ ತೊಡಿಸಿ, ಬೋರಲು, ಓರೆ, ತಲೆಕೆಳಗೆ ಮಲಗಿಸಿ ನೋಡಿದರಂತೆ. ರವಿಕೆಯನ್ನು ತೊಟ್ಟು ನೋಡದೆ ಹೊಲಿಸಿಕೊಳ್ಳದ ನಾವು, ಉಸಿರಿನ ಚೀಲವನ್ನು ಪುಸ್ತಕದ ಚಿತ್ರ ನೋಡಿ ಕೊಂಡೆವಲ್ಲಾ ಅಂತ ನನಗೆ ನಗು, ಸಂಕಟ ಎರಡೂ ಬಂತು. ಹೆಗಲಿನದು, ಸಣ್ಣ ಅಳತೆಯದು, ಅವಳಿಗೆ ಒಪ್ಪಿತು. ಹಳೆಯದನ್ನು ಒಬ್ಬ ಎತ್ತರದ ಗಂಡಸು ಅರ್ಧ ಬೆಲೆಗೆ ಕೊಂಡ. ಅವನಿಗೆ ಅದು ಚೆನ್ನಾಗಿಯೇ ಕೂತಿದೆಯಂತೆ. ಮಿಕ್ಕರ್ಧಕ್ಕೆ ಅವರಪ್ಪ ಅಡಿಕೆ ದುಡ್ಡು ಕೊಟ್ಟರು, ಒಂದು ದಿನ ಪೂರ್ತಿ ಮಾತು ಬಿಟ್ಟು.

ಮೊನ್ನೆ ನೀರಿನಿಂದ ಎದ್ದು ಬಂದ ತಕ್ಷಣ ಫೋನು ಮಾಡಿದ್ದಳು. "ತಲೆನೋವಿದೆಯೇನೇ?" ಅಂದೆ. "ಇಲ್ಲಮ್ಮ, ಹಸಿವು. ನಿನ್ನ ಮಾವಿನಮಿಡಿ ಉಪ್ಪಿನಕಾಯಿ ಮುಗಿದುಹೋಯ್ತು ಮಾರಾಯ್ತಿ, ಕಳಿಸು" ಅಂದಳು.